ಹಕೀಕ್ ಕಲ್ಲಿಗೆ ಕೆಂಪು ಎಲ್ಲಿಂದ ಬರ್ತದ: ಅಕ್ಕಲಕೋಟದಾಗ ಆಡಿದ ಮಾತು

(ಅಕ್ಕಲಕೋಟದ ಒಂದು ಕನ್ನಡ ಶಾಲಿ ಹಾಲ್‌ನಾಗ ಸಂಜಿಮುಂದ ಮಾತಾಡಿದ್ದು. ರೆಕಾರ್ಡಿಂಗ್ ಕೇಳ್ಕೋತ ಟೈಪ್ ಮಾಡೀನಿ, ಹಿಂಗಾಗಿ ಮಾತಿನ ಧಾಟಿ ಹಂಗs ಉಳದದ. ಫ್ಯಾನ್ ಸಪ್ಪಳದಾಗ ಕೇಳಿಸದ ಒಂದಿಷ್ಟು ಪ್ರಶ್ನಿ ಬಿಟ್ಟೀನಿ, ನಡುವ ಕರೆಂಟ್ ಹೋದಾಗಿನ ಗದ್ದಲಾನೂ ಬಿಟ್ಟೀನಿ.)

ಎಲ್ಲಾರಿಗೂ ಶರಣು. ಟೇಬಲ್ ಮ್ಯಾಲ ಮೂರು ಸಾಮಾನು ಇಟ್ಟೀನಿ ನೋಡ್ರಿ. ಒಂದು, ಬೋರಿ ನದಿ ದಂಡಿಗಿನ ಹೊಲದಾಗ ರಂಟಿ ಹೊಡಿವಾಗ ಎದ್ದ ಕಂದು ಕಲ್ಲು, ಮುಷ್ಟಿಯೊಳಗ ಹಿಡಿಸ್ತದ, ನೋಡಾಕ ಏನೂ ಚಂದ ಇಲ್ಲ. ಎರಡನೇದು ಇಲ್ಲೇ ಗುಡಿ ರಸ್ತಾದಾಗ ಕೊಂಡ ಉಂಗುರದ ಕಲ್ಲು, ಪಾಲಿಶ್ ಆಗಿದ್ದು, ಕೆಂಪು ಅನ್ನೋದಕ್ಕಿಂತ ಕಂದುಗೆಂಪು. ಮೂರನೇದು ಒಂದು ಮಣಿ, ಭಾಳ ಕೆಂಪು, "ಒರಿಜಿನಲ್ ಹಕೀಕ್ ಸರ್" ಅಂತ ಹೇಳಿ ಕೊಟ್ಟದ್ದು. ಇವು ಮೂರರಾಗ ಎರಡು ಒಂದೇ ಜಾತಿ, ಒಂದು ಬರೇ ಗಾಜು. ಯಾವುದು ಗಾಜು ಅಂತ ಈಗ ಹೇಳೂದಿಲ್ಲ, ನೀವೇ ಹೇಳಬೇಕು, ಆದ್ರ ಎಲ್ಲಕ್ಕಿಂತ ಚಂದ ಕಾಣೋದರ ಮ್ಯಾಲ ಸ್ವಲ್ಪ ಅನುಮಾನ ಇಟ್ಕೋರಿ.

ಈ ಕಲ್ಲಿಗೆ ಇಂಗ್ಲಿಷಿನಾಗ ಕಾರ್ನೇಲಿಯನ್ ಅಂತಾರ, ಬಣ್ಣ ಇನ್ನೂ ಕಂದು ಆದ್ರ ಸಾರ್ಡ್ ಅಂತಾರ, ನಮ್ಮ ಬಜಾರದಾಗ ಅಕೀಕ್, ಹಕೀಕ್. ಕಾರ್ನೇಲಿಯನ್ ಎಲ್ಲಿ ಮುಗೀತದ ಸಾರ್ಡ್ ಎಲ್ಲಿ ಶುರು ಆಗ್ತದ ಅಂತ ಗೆರಿ ಹಾಕಿದಾವ್ರು ಯಾರೂ ಇಲ್ಲ, ಒಬ್ಬ ವ್ಯಾಪಾರಿ ಕಾರ್ನೇಲಿಯನ್ ಅಂದದ್ದು ಇನ್ನೊಬ್ಬಗ ಸಾರ್ಡ್. ಎರಡೂ ಕ್ಯಾಲ್ಸೆಡೊನಿ, ಅಂದ್ರ ಒಂದು ತರದ ಕ್ವಾರ್ಟ್ಜ್, ಸಿಲಿಕಾ. ನದಿ ಉಸುಕಿನಾಗ ಇರೋದೂ ಬಹುಪಾಲು ಅದೇ ಸಿಲಿಕಾ. ಫರಕ್ ಏನಪಾ ಅಂದ್ರ, ಸ್ಫಟಿಕದಾಗ ಹರಳು ದೊಡ್ಡು, ಕಣ್ಣಿಗೆ ಮೂಲಿ ಮೂಲಿ ಕಾಣ್ತಾವ, ಕ್ಯಾಲ್ಸೆಡೊನಿಯೊಳಗ ಅವು ನಾರಿನಂಗ ಅತಿ ಸಣ್ಣ, ಮೈಕ್ರೋಸ್ಕೋಪ್ ಇಲ್ದೇ ಕಾಣೂದಿಲ್ಲ, ಒಂದರಾಗ ಒಂದು ಹೆಣಕೊಂಡು ಕೂತಿರ್ತಾವ. ಅದಕ್ಕs ಈ ಕಲ್ಲು ಒಂದು ದಿಕ್ಕಿಗೆ ಸೀಳೂದಿಲ್ಲ, ಗಟ್ಟಿ, ಸಣ್ಣ ಕೆತ್ತನೀನೂ ತಡೀತದ. ಪಾಲಿಶ್ ಆದ ಮ್ಯಾಲ ಮೇಣದಂಥ ಹೊಳಪು ಬರ್ತದ, ವಜ್ರದಂಗ ಝಗಝಗ ಅನ್ನೂದಿಲ್ಲ.

ಗಟ್ಟಿತನ ಅಂದೆ. ಮೋಸ್ ಸ್ಕೇಲು ಅಂದ್ರ ಕಲ್ಲಿನ ಗಟ್ಟಿತನಕ್ಕ 1ರಿಂದ 10ರ ತನಕ ಅಂಕ ಕೊಡೋ ಅಳತಿ, ಅದರಾಗ ಇದು 6.5 ರಿಂದ 7. ಚಾಕು, ಕಿಟಕಿ ಗಾಜು ಎಲ್ಲಾ 5.5ರ ಆಸುಪಾಸು. (ಇಲ್ಲಿ ಒಬ್ಬ ಹುಡುಗನ್ನ ಕರೆದು ಚಾಕು ಕೊಟ್ಟೆ.) ಹೊಲದ ಕಲ್ಲಿನ ಮ್ಯಾಲ ಗೀಚಪಾ, ಜೋರಲೆ ಗೀಚು. ಏನ್ ಬಿತ್ತು? ಬೂದು ಗೆರಿ. ಈಗ ಅದನ್ನ ಬಟ್ಟೀಲೆ ಒರಸು. ಹೋತಲ್ಲ, ಅದು ಕಲ್ಲಿಗೆ ಆದ ಗಾಯ ಅಲ್ಲ, ಚಾಕುವಿನ ಕಬ್ಬಿಣ ಸವದು ಕಲ್ಲಿಗೆ ಹತ್ತಿದ್ದು. ಉಂಗುರದ ಕಲ್ಲಿಗೂ ಅಷ್ಟs ಆತು. ಮೂರನೇ ಮಣಿಗೆ ಹಚ್ಚು... ಹಾಂ, ಗೀರು ಬಿತ್ತು. ಗಾಜು ಯಾವುದು ಅಂತ ನಾನು ಹೇಳೂದು ಬ್ಯಾಡ ಇನ್ನ. ಈ ಪರೀಕ್ಷಾ ಅಂಗಡಿಯೊಳಗ ಮಾತ್ರ ಮಾಡಬ್ಯಾಡ್ರಿ, ಗಾಜು ಆಗಿದ್ರೂ ಅಂವ ರೊಕ್ಕ ಇಸ್ಕೋತಾನ.

ಈಗ ಇದು ನಮ್ಮ ಹೊಲಕ್ಕ ಹೆಂಗ ಬಂತು ಅನ್ನೋದು. ನಾವು ಕೂತಿರೋ ನೆಲ ಎಲ್ಲಾ ಲಾವಾ. ಸುಮಾರು 6.6 ಕೋಟಿ ವರ್ಷದ ಹಿಂದ ಹರದ ಲಾವಾ, ಡೆಕ್ಕನ್ ಟ್ರ್ಯಾಪ್ ಅಂತಾರ, ಮಹಾರಾಷ್ಟ್ರದ ಬಹುಭಾಗ, ಗುಜರಾತದಾಗ ಒಂದಿಷ್ಟು, ಈ ಕಡಿ ವಿಜಯಪುರ ಕಲಬುರಗಿ ತನಕ ಅದs ಹಾಸೇದ. ನಮ್ಮ ಎರಿಮಣ್ಣು ಆ ಕಲ್ಲು ಕರಗಿ ಆದದ್ದು. ಲಾವಾ ಆರುವಾಗ ಒಳಗಿನ ಗಾಳಿ ಗುಳ್ಳಿ ಗುಳ್ಳಿಯಾಗಿ ಮ್ಯಾಲ ಏಳ್ತದ, ಕಾವಲಿ ಮ್ಯಾಲ ದ್ವಾಸಿ ತೂತು ಬೀಳ್ತಾವಲ್ಲ ಹಂಗ, ಆಮ್ಯಾಲ ಲಾವಾ ಗಟ್ಟಿಯಾದ್ರೂ ತೂತು ಹಂಗs ಉಳೀತಾವ. ಆ ತೂತಿನೊಳಗ ಸಿಲಿಕಾ ಕರಗಿದ ನೀರು ಇಳಿದು ಇಳಿದು, ಪದರ ಪದರಾಗಿ ಕೂತು, ಗಡ್ಡಿ ಆಗ್ತದ. ಬಾವಿ ತೋಡಿದಾವ್ರನ್ನ ಕೇಳ್ರಿ, ಕರಿ ಕಲ್ಲು ಒಡದಾಗ ಒಳಗ ಬಿಳಿ ಹರಳು ಸಿಗ್ತಾವ ಅಂತ ಹೇಳ್ತಾರ, ಅದರಾಗ ಒಂದಿಷ್ಟು ಜಿಯೊಲೈಟ್ ಅನ್ನೋ ಬ್ಯಾರೆ ಖನಿಜ, ಒಂದಿಷ್ಟು ಈ ಜಾತಿ. ಸುತ್ತಿನ ಕರಿಕಲ್ಲು ಮಳಿ ಬಿಸಿಲಿಗೆ ಕೊಳತು ಮಣ್ಣಾಗ್ತದ, ಸಿಲಿಕಾ ಗಡ್ಡಿ ಕೊಳಿಯೂದಿಲ್ಲ, ಅದು ಹೊಲದಾಗ, ಹಳ್ಳದಾಗ, ಭೀಮಾ ನದಿ ಗರಸಿನಾಗ ಬಂದು ಬೀಳ್ತದ. ನಮ್ಮ ಕಡಿ ಸಿಗೋದು ಬಹುತೇಕ ಬೂದು, ಬಿಳಿ, ಮಸಕು ಕಂದು. ಆಭರಣಕ್ಕ ಬೇಕಾದ ಕೆಂಪು ಸಿಗೋದು ಅಪರೂಪ, ಆಸಿ ಇಟ್ಕೊಂಡು ಹೊಲ ಅಗೀಬ್ಯಾಡ್ರಿ.

ಹಳೇ ಕಾಲದಾಗ ಮಾತ್ರ ಈ ಬೂದು ಕಲ್ಲಿಗೂ ಭಾಳ ಕಿಮ್ಮತ್ತಿತ್ತು. ಭೀಮಾ ಖೋರೇದಾಗ, ಪುಣೆ ಜಿಲ್ಲಾದ ಘೋಡ ನದಿ ದಂಡಿ ಮ್ಯಾಲ ಇನಾಮಗಾಂವ ಅಂತ ಒಂದು ಹಳ್ಳಿ ಅದ, ಡೆಕ್ಕನ್ ಕಾಲೇಜಿನವ್ರು 1968ರಿಂದ ಅಲ್ಲಿ ವರ್ಷಗಟ್ಟಲೆ ಅಗದಾರ. ಮೂರು ಸಾವಿರ ವರ್ಷದ ಹಿಂದಿನ ರೈತರ ಊರು ಅದು. ಅವರ ಹತ್ರ ತಾಮ್ರ ಕಡಿಮಿ, ಹಿಂಗಾಗಿ ದಿನದ ಕೆಲಸದ ಬ್ಲೇಡು ಎಲ್ಲಾ ಕ್ಯಾಲ್ಸೆಡೊನಿದು. ಕಾಯಿಪಲ್ಲೆ ಹೆಚ್ಚಾಕ, ತೆನಿ ಕೊಯ್ಯಾಕ, ತೊಗಲು ಹೆರಿಯಾಕ. ಜನ ಇದನ್ನ ರತ್ನ ಅಂತ ಮೈಮ್ಯಾಲ ಹಾಕ್ಕೊಂಡಿದ್ದಷ್ಟs ಅಲ್ಲ, ಚಾಕು ಅಂತ ದುಡಿಸ್ಕೊಂಡಾರ.

ಬಣ್ಣಕ್ಕ ಬರ್ತೀನಿ, ಇದು ಇವತ್ತಿನ ಮಾತಿನ ತಿರುಳು. ಶುದ್ಧ ಸಿಲಿಕಾಕ್ಕ ಬಣ್ಣ ಇಲ್ಲ. ಕೆಂಪು ಬರೋದು ಕಬ್ಬಿಣದಿಂದ, ಅದೂ ಭಾಳ ಕಡಿಮಿ ಕಬ್ಬಿಣದಿಂದ, ಕಲ್ಲಿನ ನಾರಿನ ಸಂದಿಯೊಳಗ ಧೂಳಿನಂಥ ಕಣ. ಆ ಕಬ್ಬಿಣ ನೀರು ಕೂಡಿಸ್ಕೊಂಡು ಗೋಥೈಟ್ ರೂಪದಾಗ ಇದ್ರ ಕಲ್ಲು ಹಳದಿ, ಕಂದು. ಆ ನೀರು ಹಾರಿಹೋದ್ರ ಅದು ಹೆಮಟೈಟ್ ಆಗ್ತದ, ಕಲ್ಲು ಕೆಂಪಾಗ್ತದ. ನೀರು ಹಾರಸೋದು ಹೆಂಗ? ಕಾಸಬೇಕು. ಸುಮಾರು 250, 300 ಡಿಗ್ರಿಗೆ ಈ ಬದಲಾವಣಿ ಆಗ್ತದ. ಇಟ್ಟಂಗಿ ಭಟ್ಟಿಯೊಳಗ ಹಸಿ ಇಟ್ಟಂಗಿ ಕಂದು ಇದ್ದದ್ದು ಸುಟ್ಟ ಮ್ಯಾಲ ಕೆಂಪು ಬರೋದರಾಗೂ ಇದೇ ಕಬ್ಬಿಣದ ಕೆಲಸ. ನಿಮ್ಮ ಕೈಯಾಗಿನ ಕೆಂಪು ಹಕೀಕ್ ಭೂಮಿಯೊಳಗಿಂದ ಹಂಗs ಕೆಂಪಾಗಿ ಎದ್ದು ಬಂದಿರಬಹುದು, ಇಲ್ಲ ಅನ್ನೂದಿಲ್ಲ, ಆದ್ರ ಬಜಾರದಾಗಿನ ಬಹಳಷ್ಟು ಕಲ್ಲಿನ ಕೆಂಪು ಯಾರೋ ಒಬ್ಬರು ಒಲಿ ಮುಂದ ಕೂತು ತಂದದ್ದು. ಇದನ್ನ ನಕಲಿ ಅಂತ ಅನಬ್ಯಾಡ್ರಿ. ನಾಲ್ಕೂವರಿ ಸಾವಿರ ವರ್ಷದಿಂದ ಹಂಗs ನಡದದ, ಹರಪ್ಪಾದವ್ರೂ ಕಾಸ್ಯಾರ. ನನ್ನ ಕೇಳಿದ್ರ, ಈ ಕಲ್ಲಿನ ಅರ್ಧ ಬೆಲಿ ಆ ಒಲಿ ಕೆಲಸಕ್ಕs ಕೊಡಬೇಕು.

ಅದು ಹೆಂಗ ಮಾಡ್ತಾರ ಅನ್ನೋದು ನೋಡಬೇಕಂದ್ರ ಗುಜರಾತದ ಖಂಭಾತಕ್ಕ ಹೋಗಬೇಕು. ಕಚ್ಚಾ ಮಾಲು ಬರೋದು ಭರೂಚ್ ಕಡಿ ರತನಪುರದಿಂದ, ಅಲ್ಲಿ ಗರಸಿನ ಪದರದಾಗ ತಗ್ಗು ತೋಡಿ ಕಲ್ಲು ತಗೀತಾರ. ಅಲ್ಲಿ ಗುಡ್ಡದ ಮ್ಯಾಲ ಬಾಬಾ ಘೋರ್ ದರ್ಗಾ ಅದ, ಸಿದ್ದಿ ಜನ ನಡಕೋತಾರ, ಈ ಅಕೀಕ್ ಧಂದೆ ಬೆಳಸಿದಾವ್ರು ಬಾಬಾ ಘೋರ್ ಅಂತ ಅವರ ನಂಬಿಗಿ. ಸಿದ್ದಿ ಅಂದ್ರ ನಮ್ಮ ಯಲ್ಲಾಪುರ, ಹಳಿಯಾಳದ ಕಡಿ ಅದಾರಲ್ಲ, ಹಂಗs ಆಫ್ರಿಕಾ ಮೂಲದವ್ರು. ಹದಿನಾರನೇ ಶತಮಾನದ ಶುರುವಿನಾಗ ಬಂದ ಪೋರ್ಚುಗೀಸ ದುವಾರ್ತೆ ಬರ್ಬೋಸಾನೂ ಆ ಸೀಮಿ ಕಲ್ಲಿನ ಬಗ್ಗೆ ಬರದಾನ, ಮಣಿ ಹಡಗಿನಾಗ ಅರಬ್ ದೇಶಕ್ಕ, ಆಫ್ರಿಕಾಕ್ಕ ಹೋಗ್ತಿದ್ದವು.

ತಗದ ಕಲ್ಲು ಮೊದಲು ಬಿಸಿಲಿಗೆ. ತಿಂಗಳಗಟ್ಟಲೆ ಬಿಸಿಲಾಗ ಹರವಿ, ಹೊಳ್ಳಿಸಿ ಹೊಳ್ಳಿಸಿ ಒಣಗಸ್ತಾರ, ಯಾಕಂದ್ರ ಒಳಗ ನೀರಿನ ಪಸಿ ಉಳದ್ರ ಬೆಂಕಿಗಿಟ್ಟಾಗ ಫಟ್ ಅಂತ ಒಡೀತದ. ಆಮ್ಯಾಲ ಮಣ್ಣಿನ ಗಡಿಗ್ಯಾಗ ತುಂಬಿ, ಸುತ್ತ ಹೆಂಡಿ, ಕಟಗಿ ಹೊಟ್ಟು ಹಾಕಿ, ಜ್ವಾಲಿ ಇಲ್ದಂಗ ಸಣ್ಣಗ ಕಾಸ್ತಾರ. ರಾತ್ರಿಯೆಲ್ಲಾ ಕಾಯ್ತದ, ಹಂಗs ತಾನಾಗೇ ಆರಬೇಕು, ಅವಸರ ಮಾಡಿ ತಗದ್ರ ಬಿರುಕು ಬಿಡ್ತದ. ಕಾಸಿದ್ದರಿಂದ ಬಣ್ಣದ ಜೊತಿ ಇನ್ನೊಂದು ಲಾಭ ಅದ, ಕಲ್ಲು ಚಕ್ಕಿ ಏಳೋದು ಹಗೂರ ಆಗ್ತದ. ಚಕ್ಕಿ ಎಬ್ಬಿಸೋ ಪದ್ಧತಿ ಬ್ಯಾರೆ ಎಲ್ಲೂ ಅಷ್ಟು ಕಾಣೂದಿಲ್ಲ: ನೆಲದಾಗ ಓರಿ ಮಾಡಿ ಒಂದು ಚೂಪು ಕಬ್ಬಿಣದ ಸಲಾಕಿ ಹುಗದಿರ್ತಾರ, ಕಲ್ಲನ್ನ ಅದರ ಮೊನಿಗೆ ಆನಿಸಿ ಹಿಡಿದು, ಈ ಕಡಿಯಿಂದ ಎಮ್ಮಿ ಕೋಡಿನ ಸುತ್ತಿಗೀಲೆ ಬಡೀತಾರ. ಪೆಟ್ಟು ಬೀಳೋದು ಈ ಕಡಿ, ಚಕ್ಕಿ ಹಾರೋದು ಮೊನಿ ಕಡಿ. ಕೋಡು ಮೆತ್ತಗ ಇರೋದಕ್ಕ ಕಲ್ಲು ಜಜ್ಜೂದಿಲ್ಲ. ಹಿಂಗ ಚಕ್ಕಿ ಹಾರಿಸ್ಕೋತ ಹಾರಿಸ್ಕೋತ ಒಂದು ಒರಟು ಗಡ್ಡಿ ಮಣಿ ಆಕಾರಕ್ಕ ಬರ್ತದ, ಆಮ್ಯಾಲ ಸಾಣಿ, ಆಮ್ಯಾಲ ತೂತು, ಆಮ್ಯಾಲ ಪಾಲಿಶ್, ನಡುವ ಬಣ್ಣ ಸಾಲದು ಅನಿಸಿದ್ರ ಮತ್ತ ಒಲಿಗೆ.

ತೂತು ಹಾಕೋದs ದೊಡ್ಡ ಕೆಲಸ. ಈಗ ತುದಿಗೆ ಸಣ್ಣ ವಜ್ರದ ಚೂರು ಕೂಡಿಸಿದ ಡ್ರಿಲ್, ಬಿಲ್ಲಿನಂಗ ಹಗ್ಗ ಸುತ್ತಿ ಎಳಿಯೋದು, ಮ್ಯಾಲಿಂದ ನೀರು ಹನಿ ಹನಿ ಬಿಡೋದು, ಅರ್ಧ ಒಂದು ಕಡಿಯಿಂದ, ಉಳಿದರ್ಧ ಹೊಳ್ಳಿಸಿ ಇನ್ನೊಂದು ಕಡಿಯಿಂದ. ಹರಪ್ಪಾದವ್ರ ಹತ್ರ ವಜ್ರದ ಡ್ರಿಲ್ ಇರಲಿಲ್ಲ. ಅವ್ರು ಒಂದು ವಿಶೇಷ ಗಟ್ಟಿ ಕಲ್ಲಿನ ಡ್ರಿಲ್ ಮಾಡ್ಕೊಂಡಿದ್ರು, ಅದಕ್ಕ ಈಗಿನವ್ರು ಎರ್ನೆಸ್ಟೈಟ್ ಅಂತ ಹೆಸರಿಟ್ಟಾರ, 1935ರಾಗ ಸಿಂಧ್‌ನಾಗಿನ ಹರಪ್ಪಾ ಕಾಲದ ಊರು ಚನ್ಹುದಾರೋ ಅಗದ ಪುರಾತತ್ವದ ಎರ್ನೆಸ್ಟ್ ಮ್ಯಾಕೆ ನೆನಪಿಗೆ. ಅಮೆರಿಕಾದ ಜೊನಾಥನ್ ಮಾರ್ಕ್ ಕೆನೊಯರ್ ಅಂತ ಪುರಾತತ್ವದವ್ರು ಖಂಭಾತದ ಕಾರಾಗೀರರ ಜೊತಿ ಕೂತು, ಅಂಥ ಡ್ರಿಲ್ ಮಾಡಿ ಪ್ರಯೋಗ ಮಾಡಿ ನೋಡ್ಯಾರ: ಒಂದು ತಾಸಿಗೆ ಸುಮಾರು 2.5 ಮಿಲಿಮೀಟರ್ ತೂತು. ಈಗ ಲೆಕ್ಕ ಹಾಕ್ರಿ, ಹರಪ್ಪಾದ ಉದ್ದ ಮಣಿ ಹತ್ತು ಸೆಂಟಿಮೀಟರ್ ಮ್ಯಾಲ ಇರ್ತಾವ, ಒಂದು ಮಣಿಗೆ ಬರೇ ತೂತಿಗೇ ನಲವತ್ತು ತಾಸು, ಅದೂ ಡ್ರಿಲ್ ಮುರೀದಿದ್ರ, ಎರಡೂ ಕಡಿ ತೂತು ನಡುವ ಸರಿಯಾಗಿ ಕೂಡಿದ್ರ. ಕರಾಚಿ ಹತ್ರ ಅಲ್ಲಾಹದಿನೋ ಅಂತಲ್ಲಿ ಅಂಥ 36 ಉದ್ದ ಮಣಿಯ ಸೊಂಟಪಟ್ಟಿ ಸಿಕ್ಕದ. ಅದನ್ನ ಹಾಕ್ಕೊಂಡಾಕಿ ಯಾರೋ ಏನೋ, ನನಗ ಮಾತ್ರ ತೂತು ಹಾಕಿದಾವನ ಭುಜದ ಚಿಂತಿ.

ಇಂಥ ಮಣಿ ಮೆಸೊಪೊಟೇಮಿಯಾದ ತನಕ ಹೋಗ್ಯಾವ. ಇರಾಕಿನ ಉರ್ ಅನ್ನೋ ಊರಾಗ ಲಿಯೊನಾರ್ಡ್ ವೂಲಿ 1922ರಿಂದ 1934ರ ತನಕ ಅಗದ್ರು, ಅಲ್ಲಿನ ರಾಜಮನೆತನದ ಗೋರಿಯೊಳಗ ಬಂಗಾರ, ಲಾಪಿಸ್ ನೀಲಿ ಕಲ್ಲು, ಅದರ ಜೋಡಿ ರಾಶಿಗಟ್ಟಲೆ ಕಾರ್ನೇಲಿಯನ್ ಮಣಿ, ಒಂದಿಷ್ಟು ನಿಚ್ಚಳವಾಗಿ ಸಿಂಧೂ ಕಡಿ ಕೈಕೆಲಸ. ಲಗಾಶ್ ಊರಿನ ಅರಸ ಗುಡೇಯಾನ ಶಾಸನದಾಗೂ ಮೆಲುಹ್ಹಾ ದೇಶದ ಕಾರ್ನೇಲಿಯನ್ ಹೆಸರು ಬರ್ತದ, ಮೆಲುಹ್ಹಾ ಅಂದ್ರ ನಮ್ಮ ಸಿಂಧೂ ಸೀಮಿ ಅಂತ ಬಹಳಷ್ಟು ವಿದ್ವಾಂಸರ ಅಭಿಪ್ರಾಯ. ಗುಜರಾತದ ಲೋಥಲ್‌ದಾಗ ಮಣಿ ಕಾರಖಾನೀನೇ ಸಿಕ್ಕದ, ಒಲಿ ಸಮೇತ, ಗಡಿಗಿಯೊಳಗ ಅರ್ಧಂಬರ್ಧ ಆದ ಮಣಿ ಸಮೇತ. ಅದನ್ನ ಅಗದಾವ್ರು ಎಸ್.ಆರ್. ರಾವ್, ನಮ್ಮ ಕರ್ನಾಟಕದವ್ರು. ಇದನ್ನ ಹೇಳಾಕ ನನಗ ಸ್ವಲ್ಪ ಹೆಮ್ಮಿ ಅದ, ಇರ್ಲಿ ಬಿಡ್ರಿ.

ಮತ್ತ ಒಂದು ಕಸಬು ಹೇಳದೇ ಮುಂದ ಹೋಗಾಕ ಮನಸ್ಸಿಲ್ಲ. ಕೆಂಪು ಮಣಿ ಮ್ಯಾಲ ಬಿಳಿ ಗೆರಿ, ಬಿಳಿ ವರ್ತುಲ ಇರೋ ಮಣಿ ಫೋಟೋದಾಗ ನೋಡಿರಬಹುದು. ಅದು ಕೆತ್ತಿದ್ದಲ್ಲ, ಬಣ್ಣ ಬಳದದ್ದೂ ಅಲ್ಲ. ಕ್ಷಾರ, ಅಂದ್ರ ಸೋಡಾ, ಒಂದು ಗಿಡದ ರಸದಾಗ ಕಲಸಿ, ಲೇಖನಿಯಿಂದ ಮಣಿ ಮ್ಯಾಲ ಗೆರಿ ಎಳಿಯೋದು, ಒಣಗಿಸಿ ಕೆಂಡದಾಗ ಕಾಸೋದು. ಗೆರಿ ಇದ್ದಲ್ಲಿ ಕಲ್ಲಿನ ಮೈ ಬಿಳಿ ಆಗ್ತದ, ಒಳಗ ಇಳದದ್ದು, ತೊಳದ್ರ ಹೋಗೂದಿಲ್ಲ. ಸಾವಿರಾರು ವರ್ಷದ ಮಣಿ ಮ್ಯಾಲ ಇವತ್ತಿಗೂ ಉಳದದ. ಮ್ಯಾಕೆಗೆ ಸಿಂಧ್‌ನ ಸೆಹ್ವಾನ್‌ದಾಗ ಒಬ್ಬ ಮುದುಕ ಈ ಕೆಲಸ ಮಾಡಿ ತೋರಿಸಿದ್ದ, ಕಿರಾರ್ ಗಿಡದ ಚಿಗುರು ಜಜ್ಜಿ ರಸ ತಗದು. ಮ್ಯಾಕೆ ಬರದಿಡದಿದ್ರ ಇವತ್ತು ನಾವು ಎಸಿಡ್ ಹಾಕಿರಬೇಕು ಏನೋ ಅಂತ ಲ್ಯಾಬ್‌ನಾಗ ಒದ್ದಾಡ್ತಿದ್ವಿ.

ನಮ್ಮ ಸೀಮಿ ಏನ್ ಕಡಿಮಿ ಇರಲಿಲ್ಲ. ಇಲ್ಲಿಂದ ಧಾರಾಶಿವ ಜಿಲ್ಲಾದ ತೇರ್ ದೂರ ಇಲ್ಲ, ಹಳೇ ಹೆಸರು ತಗರ. ಮೊದಲನೇ ಶತಮಾನದಾಗ ಒಬ್ಬ ಗ್ರೀಕ್ ವ್ಯಾಪಾರಿ ಬರದ ಸಮುದ್ರಯಾನದ ಪುಸ್ತಕ, ಪೆರಿಪ್ಲಸ್, ಅದರಾಗ ತಗರದ ಹೆಸರದ: ತಗರದಿಂದ ಬಟ್ಟಿ, ಪೈಠಣದಿಂದ ಗಾಡಿಗಟ್ಟಲೆ ಈ ಜಾತಿ ಕಲ್ಲು, ಎರಡೂ ಭರೂಚ್ ಬಂದರಕ್ಕ ಹೋಗ್ತಾವ ಅಂತ. ಎರಡು ಸಾವಿರ ವರ್ಷ ಆದ್ರೂ ಸೋಲಾಪುರ ಇನ್ನೂ ಚಾದರ ಮಾರಾಕತ್ತದ, ಕಲ್ಲಿನ ಧಂದೆ ಮಾತ್ರ ಕೈಬಿಟ್ಟುಹೋತು. ತೇರ್‌ದಾಗ ರಾಮಲಿಂಗಪ್ಪ ಲಾಮ್ತುರೆ ಅವ್ರು ಕೂಡಿಹಾಕಿದ ಸಾಮಾನಿನ ಮ್ಯೂಸಿಯಂ ಅದ, ಸರಕಾರಿ ಮ್ಯೂಸಿಯಂ, ಸಾಲಿ ಹುಡುಗರನ್ನ ಕರಕೊಂಡು ಹೋಗ್ರಿ, ಮಹಾಬಳೇಶ್ವರ ಟ್ರಿಪ್ ಒಂದು ವರ್ಷ ತಪ್ಪಿದ್ರ ಏನೂ ಆಗೂದಿಲ್ಲ. ರಾಯಚೂರು ಜಿಲ್ಲಾದ ಮಸ್ಕಿ ಗೊತ್ತದ ಎಲ್ಲಾರಿಗೂ, ಅಶೋಕನ ಶಾಸನದ್ದು, 1954ರಾಗ ಬಿ.ಕೆ. ಥಾಪರ್ ಅಲ್ಲಿ ಅಗದಾಗ ಕಾರ್ನೇಲಿಯನ್ ಮಣಿ, ಅಗೇಟ್ ಅಂದ್ರ ಪಟ್ಟಿ ಪಟ್ಟಿ ಇರೋ ಕ್ಯಾಲ್ಸೆಡೊನಿ, ಅದರ ಮಣಿ ಸಿಕ್ಕಾವ. ತಮಿಳುನಾಡಿನ ಈರೋಡ್ ಜಿಲ್ಲಾದಾಗ ನೊಯ್ಯಲ್ ನದಿ ದಂಡಿ ಮ್ಯಾಲಿನ ಕೊಡುಮಣಲ್ ಇನ್ನೂ ಮಜಾ: ಅಲ್ಲಿ ಸುತ್ತಮುತ್ತ ಬೆರಿಲ್, ಸ್ಫಟಿಕ ಸಿಗ್ತಾವ, ಕಾರ್ನೇಲಿಯನ್ ಸಿಗೂದಿಲ್ಲ, ಆದ್ರೂ ಕಾರ್ನೇಲಿಯನ್ ಮಣಿ ತಯಾರು ಮಾಡಿದ ಗುರುತು ರಗಡ ಅವ. ಅಂದ್ರ ಕಚ್ಚಾ ಕಲ್ಲು ದೂರದಿಂದ ಹೊತ್ಕೊಂಡು ಹೋಗ್ಯಾರ. ನೂರಾರು ಮೈಲು, ಎತ್ತಿನ ಬೆನ್ನ ಮ್ಯಾಲ, ಕಲ್ಲು.

ಉಪಯೋಗ ಅಂದ್ರ ಆಭರಣ ಒಂದs ಅಲ್ಲ. ಮುದ್ರಿ. ಸಹಿ ಹಾಕೋ ಪೆನ್ನು ಇಲ್ದ ಕಾಲದಾಗ ಹೆಸರು ಕೆತ್ತಿದ ಉಂಗುರವೇ ಸಹಿ. (ಇಲ್ಲಿ ಮೇಣದ ಕಡ್ಡಿ ಹಚ್ಚಿ ಕಾಗದದ ಮ್ಯಾಲ ಎರಡು ಹನಿ ಬೀಳಿಸಿದೆ.) ಒಂದು ಹನಿ ಮ್ಯಾಲ ಈ ಉಂಗುರದ ಕಲ್ಲು ಒತ್ತತೀನಿ, ಇನ್ನೊಂದರ ಮ್ಯಾಲ ಒಂದು ಕಟಗಿ ತುಂಡು. ಕಟಗಿ ಮೇಣ ಹಿಡಕೊಂಡs ಮ್ಯಾಲ ಬಂತು, ಕಾಗದಾನೂ ಹರೀತು. ಕಲ್ಲು ಸಲೀಸ ಬಿಟ್ಟು ಬಂತು ನೋಡ್ರಿ, ಮೇಣದ ಮ್ಯಾಲ ಅಂಚು ಸಮೇತ ಅಚ್ಚು. ಗ್ರೀಕರು, ರೋಮನ್ನರು, ಇರಾನದವ್ರು, ನಮ್ಮ ಮೊಘಲ್ ಕಾಲದ ಅಧಿಕಾರಿಗಳು, ಎಲ್ಲಾರೂ ಮುದ್ರಿ ಉಂಗುರಕ್ಕ ಇದನ್ನs ಆರಿಸ್ಕೊಂಡದ್ದು ಸುಮ್ನ ಅಲ್ಲ. ಸಣ್ಣ ಅಕ್ಷರ ಕೆತ್ತಿದ್ರೂ ಚೂರು ಏಳೂದಿಲ್ಲ, ದಿನಾ ಒತ್ತಿದ್ರೂ ಸವಿಯೂದಿಲ್ಲ, ಮೇಣ ಅಂಟೂದಿಲ್ಲ. ಹಳೇ ಮುದ್ರಿಯೊಳಗ ಅಕ್ಷರ ಉಲ್ಟಾ ಕೆತ್ತಿರ್ತಾವ, ಕನ್ನಡಿಯೊಳಗ ಓದಿದಂಗ ಓದಬೇಕು.

ಇದರ ಅಣ್ಣತಮ್ಮ ಅಗೇಟ್ ಇನ್ನೂ ದುಡದದ. ಚಿತ್ರ ಬರಿಯೋರು ಬಂಗಾರದ ಹಾಳಿ ಹಚ್ಚಿ ಉಜ್ಜಾಕ, ಹಳೇ ಹಸ್ತಪ್ರತಿ ಕಾಗದ ನುಣುಪು ಮಾಡಾಕ ಅಗೇಟ್ ಕಲ್ಲು. ಸಾಯನ್ಸ್ ಲ್ಯಾಬ್‌ನಾಗ ಪುಡಿ ಅರಿಯೋ ಕಲ್ಲ ಕುಟ್ಟಾಣಿ ನೋಡಿದಾವ್ರು ಇದ್ರ ಗೊತ್ತಿರ್ತದ, ಅದು ಅಗೇಟ್, ಯಾಕಂದ್ರ ಸವದು ಪುಡಿಯೊಳಗ ಕಲಿಯೂದಿಲ್ಲ. ಸೂಕ್ಷ್ಮ ತಕ್ಕಡಿಯ ದಂಡಿ ಕೂಡೋ ಅಲಗಿನ ಕೆಳಗೂ ಅಗೇಟ್ ಇಡ್ತಿದ್ರು.

ಈ ಕಲ್ಲಿನ ಇನ್ನೊಂದು ಮುಖಾನೂ ಹೇಳಬೇಕು, ಇದನ್ನ ಬಿಟ್ಟು ಬರೇ ಚಂದ ಚಂದ ಹೇಳಿದ್ರ ಅದು ಮೋಸ. ಸಾಣಿ ಹಿಡಿವಾಗ ಏಳೋ ಧೂಳು ಶುದ್ಧ ಸಿಲಿಕಾ. ಅದು ಪುಪ್ಪುಸಕ್ಕ ಹೋಗಿ ಕೂತ್ರ ಹೊರಗ ಬರೂದಿಲ್ಲ, ಸುತ್ತ ಗಾಯ ಕಟ್ಟಿ ಪುಪ್ಪುಸ ಬಿರುಸಾಗ್ತದ, ಸಿಲಿಕೋಸಿಸ್ ಅಂತಾರ, ಅದಕ್ಕ ವಾಸಿ ಮಾಡೋ ಔಷಧ ಇಲ್ಲ. ಟಿಬಿ ಹತ್ತೋ ಅಪಾಯಾನೂ ಜಾಸ್ತಿ ಆಗ್ತದ. ಖಂಭಾತದ ಅಕೀಕ್ ಕೆಲಸಗಾರರಾಗ ಈ ರೋಗ ಇರೋದನ್ನ ಅಹಮದಾಬಾದಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಆಕ್ಯುಪೇಶನಲ್ ಹೆಲ್ತ್‌ನವ್ರು ದಾಖಲು ಮಾಡ್ಯಾರ. ಕೆಲಸ ಬಹಳಷ್ಟು ಮನಿಯೊಳಗs ನಡೀತದ, ಹಿಂಗಾಗಿ ಸಾಣಿ ಹಿಡಿಯಾಂವ ಒಬ್ಬನs ಅಲ್ಲ, ಬಾಜೂಕ ಕೂತ ಹೆಣ್ಮಕ್ಕಳು, ಸಣ್ಣ ಹುಡುಗರೂ ಆ ಧೂಳು ಕುಡೀತಾರ. ನೀರು ಬಿಟ್ಕೋತ ಸಾಣಿ ಹಿಡಿದ್ರ, ಧೂಳು ಎಳಿಯೋ ಫ್ಯಾನ್ ಕೂಡಿಸಿದ್ರ ಭಾಳ ಮಟ್ಟಿಗೆ ತಪ್ತದ, ಇದೇನು ರಾಕೆಟ್ ವಿದ್ಯಾ ಅಲ್ಲ. "ಖಂಭಾತದ ಅಗೇಟ್" ಅಂತ ಜಿಐ ಟ್ಯಾಗ್, ಅಂದ್ರ ಇದು ಆ ಊರಿನ ಮಾಲು ಅನ್ನೋ ಸರಕಾರಿ ಗುರುತು, ಸಿಕ್ಕದ, ಹೆಸರಿಗೆ ರಕ್ಷಣಾ ಬಂತು, ಸಂತೋಷ, ಉಸಿರಿಗೂ ಬರಬೇಕಿತ್ತು. ಒಂದು ಕಲ್ಲು ಎಷ್ಟು ಸೋವಿ ಸಿಕ್ತು ಅಂತ ಖುಷಿ ಪಡುವಾಗ ಇದು ನನ್ನ ತಲಿಯೊಳಗ ಬರ್ತದ, ನಿಮಗೂ ಬರಲಿ.

ಇನ್ನ ಗ್ರಹ. ನಂಗೊತ್ತು, ಅರ್ಧ ಮಂದಿ ಇದಕ್ಕs ಬಂದೀರಿ. ಮಂಗಳನಿಗೆ ಹವಳ ಅಂತ ಹೇಳ್ತಾರ, ಹವಳಕ್ಕ ರೊಕ್ಕ ಸಾಲದಿದ್ರ ಕೆಂಪು ಹಕೀಕ್ ಹಾಕ್ಕೋ ಅಂತಾರ. ಮುಸಲ್ಮಾನ ಬಂಧುಗಳಾಗ ಅಕೀಕ್ ಉಂಗುರಕ್ಕ ಧರ್ಮದ ಗೌರವ ಅದ, ಯೆಮನ್ ದೇಶದ ಅಕೀಕ್‌ಗೆ ಎಲ್ಲಕ್ಕಿಂತ ಹೆಚ್ಚು ಮಾನ. ಪ್ರಾಚೀನ ಈಜಿಪ್ಟಿನವ್ರು ಸತ್ತವ್ರ ಕೊರಳಾಗ ಕೆಂಪು ಕಲ್ಲಿನ ತಾಯತ ಕಟ್ತಿದ್ರು. ನಂಬಿಗಿ, ಗೌರವ, ನೆನಪು, ಇವಕ್ಕ ನಾನು ಕೈ ಹಚ್ಚೂದಿಲ್ಲ. ಆದ್ರ ಯಾರರೆ ಬಂದು "ಇದರಾಗ ಕಬ್ಬಿಣ ಅದ, ಬೊಟ್ಟಿನಾಗ ಹಾಕ್ಕೊಂಡ್ರ ರಕ್ತ ಹೆಚ್ಚಾಗ್ತದ, ಗರ್ಭಿಣಿಯರಿಗೆ ಛಲೋ" ಅಂದ್ರ, ಅದು ಸುಳ್ಳು. ಕಬ್ಬಿಣ ಕಲ್ಲಿನ ಒಳಗ ಸಿಲಿಕಾದಾಗ ಬಂದ್ ಆಗೇದ, ಚರ್ಮದಾಗಿಂದ ಒಂದು ಕಣಾನೂ ಒಳಗ ಹೋಗೂದಿಲ್ಲ. ರಕ್ತ ಕಡಿಮಿ ಇದ್ರ ಡಾಕ್ಟರ್ ಹತ್ರ ಹೋಗಿ ಗುಳಗಿ ತಗೋರಿ, ಸೊಪ್ಪು ತಿನ್ರಿ, ಕಾಳು ತಿನ್ರಿ. ಉಂಗುರ ಚಂದ ಕಾಣ್ತದ ಅಂತ ಹಾಕ್ಕೋರಿ, ಅಷ್ಟು ಸಾಕಲ್ಲ ಒಂದು ಉಂಗುರಕ್ಕ?

ಕೊಳ್ಳುವಾಗ ಏನ್ ನೋಡಬೇಕು ಅಂತ ಲಗೂ ಹೇಳಿ ಮುಗಸ್ತೀನಿ. ಮೊಬೈಲ್ ಟಾರ್ಚ್ ಹಿಂದ ಹಿಡೀರಿ. ಸಹಜ ಕಲ್ಲಿನಾಗ ಬಣ್ಣ ಮೋಡದಂಗ ಅಲ್ಲಲ್ಲಿ ದಟ್ಟ, ಅಲ್ಲಲ್ಲಿ ತಿಳಿ. ಬಣ್ಣ ಕುಡಿಸಿದ ಅಗೇಟ್‌ದಾಗ ಬಹಳ ಸಲ ಸಣ್ಣ ಪಟ್ಟಿ ಪಟ್ಟಿ ಕಾಣ್ತಾವ. ಈ ಕಲ್ಲಿಗೆ ಸಣ್ಣ ಸಣ್ಣ ರಂಧ್ರ ಇರೋದಕ್ಕ ಬಣ್ಣ ಕುಡೀತದ. ಜರ್ಮನಿಯ ಇಡಾರ್ ಓಬರ್‌ಸ್ಟೈನ್ ಊರಿನವ್ರು ಹತ್ತೊಂಬತ್ತನೇ ಶತಮಾನದಾಗs ಇದನ್ನ ದೊಡ್ಡ ಉದ್ಯೋಗ ಮಾಡಿದ್ರು, ಬ್ರೆಝಿಲ್‌ದಿಂದ ಬೂದು ಅಗೇಟ್ ತರಿಸಿ, ಕಬ್ಬಿಣದ ಲವಣದ ದ್ರಾವಣದಾಗ ನೆನಸಿಟ್ಟು, ಆಮ್ಯಾಲ ಕಾಸಿ ಕೆಂಪು ಮಾಡೋದು. ಗಾಜಿನಾಗ ಲೆನ್ಸ್ ಹಿಡದ್ರ ದುಂಡನ ಗಾಳಿ ಗುಳ್ಳಿ ಕಾಣಬಹುದು, ಕಲ್ಲಿನಾಗ ಹಂಗ ಇರೂದಿಲ್ಲ. ಪ್ಲಾಸ್ಟಿಕ್ ಕೈಯಾಗ ಹಿಡದ್ರs ಹಗೂರ, ಬೆಚ್ಚಗ. ಬಣ್ಣ ಕುಡಿಸಿದ್ದು ಅಂತ ಹೇಳಿ ಮಾರಿದ್ರ ತಪ್ಪಿಲ್ಲ, ಹೇಳದೇ ಮಾರಿದ್ರ ತಪ್ಪು. ಕಾಸಿದ್ದನ್ನ ಯಾರೂ ಹೇಳೂದಿಲ್ಲ, ಅದು ಈ ಧಂದೇದಾಗ ರೂಢಿ.

ಪ್ರಶ್ನಿಗಳಾಗ ಮೂರು ಇಲ್ಲಿ ಹಾಕ್ತೀನಿ.

ಒಬ್ಬ ತಾಯಿ ಕೇಳಿದ್ರು, ಅತ್ತಿ ಕೊಟ್ಟ ಹಕೀಕ್ ಸರ ಮಸಕಾಗೇದ, ತೊಳಿಯೋದು ಹೆಂಗ ಅಂತ. ಉಗುರುಬೆಚ್ಚಗಿನ ನೀರು, ಸ್ವಲ್ಪ ಸಾಬೂನು, ಮೆತ್ತನ ಬ್ರಶ್. ಬ್ಲೀಚ್ ಬ್ಯಾಡ, ಟಾಯ್ಲೆಟ್ ತೊಳಿಯೋ ಎಸಿಡ್ ಅಂತೂ ಬ್ಯಾಡೇ ಬ್ಯಾಡ, ಕಲ್ಲಿಗೆ ಏನೂ ಆಗದಿದ್ರೂ ಬೆಳ್ಳಿ ತಂತಿ, ದಾರ ಹಾಳಾಗ್ತಾವ. ದಾರ ಹಳೇದಾಗಿದ್ರ ಮೊದಲು ದಾರ ಬದಲಿ ಮಾಡಸ್ರಿ, ಎರಡು ಮಣಿ ನಡುವ ಗಂಟು ಹಾಕಿ ಪೋಣಸ್ರಿ, ಕಲ್ಲಿಗೆ ಕಲ್ಲು ತಿಕ್ಕಿದ್ರ ಇಷ್ಟು ಗಟ್ಟಿ ಕಲ್ಲಿಗೂ ಅಂಚು ಒಡೀತದ.

ಒಬ್ಬ ಕಾಲೇಜ್ ಹುಡುಗ ಕೇಳಿದ, ಇಷ್ಟೆಲ್ಲಾ ಗುಣ ಇದ್ದೂ ಮಾಣಿಕ್ಯಕ್ಕ ಇರೋ ರೇಟ್ ಇದಕ್ಕ ಯಾಕ ಇಲ್ಲ. ರಗಡ ಸಿಗ್ತದಪಾ, ಅದಕ್ಕ. ಬ್ರೆಝಿಲ್, ಉರುಗ್ವೆ, ಭಾರತ, ಎಲ್ಲಾ ಕಡಿ ಅದ. ಮಾಣಿಕ್ಯ ಗಟ್ಟಿತನದಾಗ 9, ಬೆಳಕನ್ನ ಒಳಗ ಆಡಸ್ತದ, ಸಿಗೋದು ಕಡಿಮಿ. ಇದರ ರೇಟ್ ಕಲ್ಲಿನದ್ದಲ್ಲ, ಕೆಲಸದ್ದು. ಒಂದೇ ಗಡ್ಡಿಯಿಂದ ಆದ ಸಾದಾ ಮಣಿ ನೂರಿನ್ನೂರಕ್ಕ ಹೋಗಬಹುದು, ಅದರ ಮ್ಯಾಲ ಛಲೋ ಕೆತ್ತನಿ ಇದ್ರ ಎಷ್ಟೋ ಪಟ್ಟು.

ಕಡೀಕ ಒಬ್ಬ ರೈತರು ಎದ್ದು, ನನ್ನ ಹೊಲದಾಗೂ ಈ ಕಂದು ಕಲ್ಲು ಅವ, ಮನಿಯೊಳಗ ಕಾಸಿದ್ರ ಕೆಂಪಾಗ್ತಾವೇನು ಅಂದ್ರು. ಒಳಗ ಕಬ್ಬಿಣ ಇದ್ರ ಆಗ್ತಾವ, ಬೂದು ಇದ್ರ ಬೂದೇ ಉಳೀತಾವ. ಹೆಬ್ಬಟ್ಟಿಗಿಂತ ದೊಡ್ಡದು ಬ್ಯಾಡ. ಈ ಬ್ಯಾಸಗಿ ಪೂರ್ತಿ ಮಾಳಗಿ ಮ್ಯಾಲ ಒಣಗಸ್ರಿ. ಆಮ್ಯಾಲ ಹಳೇ ಗಡಿಗ್ಯಾಗ ಒಣ ಉಸುಕು ತುಂಬಿ, ಕಲ್ಲು ಒಂದಕ್ಕೊಂದು ತಾಗದಂಗ ನಡುವ ಹುಗದು, ಬಾಯಿ ಮುಚ್ಚಿ, ಕುಳ್ಳಿನ ಸಣ್ಣ ಬೆಂಕಿಯೊಳಗ ರಾತ್ರಿ ಇಡ್ರಿ, ಹಗೂರಕ ಬಿಸಿ ಏರಲಿ. ಮರುದಿನ ಬೂದಿ ಪೂರಾ ಆರೋ ತನಕ ಮುಚ್ಚಳ ತಗೀಬ್ಯಾಡ್ರಿ, ನೀರಂತೂ ಹಾಕಲೇಬ್ಯಾಡ್ರಿ. ಹಸಿ ಕಲ್ಲು ಸಿಡೀತಾವ, ಚೂರು ಗಾಜಿಗಿಂತ ಹರಿತ, ಅದಕ್ಕ ಸಣ್ಣ ಹುಡುಗರನ್ನ ದೂರ ಇಟ್ಟು, ಕಣ್ಣಿಗೆ ಚಷ್ಮಾ ಹಾಕ್ಕೊಂಡು, ಅಂಗಳದಾಗ ಮಾಡ್ರಿ, ಅಡಗಿ ಮನಿಯೊಳಗ ಅಲ್ಲ. ಒಂದು ಕಲ್ಲು ಕಾಸದೇ ಬಾಜೂಕ ಇಟ್ಕೊಂಡಿರ್ರಿ, ಆಮ್ಯಾಲ ಎರಡನ್ನೂ ಜೋಡಿ ಇಟ್ಟು ನೋಡಿದ್ರ ಬಣ್ಣ ಎಷ್ಟು ತಿರುಗೇದ ಅಂತ ಗೊತ್ತಾಗ್ತದ.